ಗಾಳಿ ಮಂಟಪದ ಏಳನೇ ಪೈಪು

ತರೀಕೆರೆಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಹೆದ್ದಾರಿಯ ಪಕ್ಕದಲ್ಲಿ ನಮ್ಮದೊಂದು ವೆಲ್ಡಿಂಗ್ ಶಾಪ್ ಇದೆ. ಗಿರಾಕಿಗಳನ್ನು ಅಣ್ಣ ನೋಡಿಕೊಳ್ಳುತ್ತಾನೆ, ಕಬ್ಬಿಣವನ್ನು ನಾನು ನೋಡಿಕೊಳ್ಳುತ್ತೇನೆ. ಐಟಿಐನಲ್ಲಿ ನಮ್ಮ ಬ್ಯಾಚಿನಲ್ಲಿ ವೆಲ್ಡಿಂಗ್ ಕಲಿತ ಹುಡುಗಿ ನಾನೊಬ್ಬಳೇ. ಮೊದಲ ಎರಡು ವರ್ಷ ಗೇಟು ಮಾಡಿಸಲು ಬಂದವರು, "ಮಾಡೋರು ಯಾರು?" ಎಂದು ಕೇಳಿ, ನನ್ನನ್ನು ನೋಡಿ, ಮತ್ತೆ ಅಣ್ಣನ ಮುಖ ನೋಡುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ. ಕೈಯಲ್ಲಿ ಕೆಲಸವಿಲ್ಲದಿದ್ದರೆ ನನಗೆ ಕೂರಲಾಗುವುದಿಲ್ಲ. ಊಟಕ್ಕೆ ಕೂತರೂ ಕಾಲು ಕುಣಿಯುತ್ತಿರುತ್ತದೆ. ಅವ್ವ ಬೈಯುತ್ತಲೇ ಇರುತ್ತಾಳೆ.

ಆ ಆರ್ಕಿಟೆಕ್ಟ್ ನಮ್ಮಲ್ಲಿಗೆ ಬಂದದ್ದು ಬೇಸಿಗೆಯ ಶುರುವಿನಲ್ಲಿ. ಐವತ್ತು ದಾಟಿದ್ದ, ತೆಳ್ಳಗಿನ, ಬಿಸಿಲಿಗೆ ಮೂಗು ಕೆಂಪಾಗಿದ್ದ ಮನುಷ್ಯ. ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ಅಜ್ಜಂಪುರದ ಹೊರಗಿನ ಒಂದು ಕೆರೆಯ ಏರಿಯ ಮೇಲೆ, ವಾಕಿಂಗ್ ಬರುವವರು ಕೂರಲೆಂದು ಒಂದು ಮಂಟಪ ಕಟ್ಟುತ್ತಿದ್ದಾರಂತೆ. ಅದರ ಎರಡೂ ಬದಿಗೆ ಸಾಲಾಗಿ ಕಬ್ಬಿಣದ ಪೈಪುಗಳು ನಿಲ್ಲಬೇಕು. ಗಾಳಿ ಬೀಸಿದಾಗ ಅವು ನುಡಿಯಬೇಕು.

"ನುಡೀಬೇಕು ಅಂದ್ರೆ?" ಎಂದ ಅಣ್ಣ.

"ಅಂದ್ರೆ ಸ್ವರ ಬರಬೇಕು. ಕೊಳಲು ನುಡಿಯುತ್ತಲ್ಲ, ಹಾಗೆ. ಊದೋರು ಯಾರೂ ಬೇಡ, ಗಾಳಿನೇ ಊದುತ್ತೆ."

ಅಣ್ಣ ನನ್ನತ್ತ ತಿರುಗಿ ಕಣ್ಣಲ್ಲೇ ನಕ್ಕ. ಅವರಿಗೆ ಆ ನಗು ಹೊಸದಲ್ಲ ಎಂದು ಕಾಣುತ್ತದೆ. ಕಡೂರಿನಲ್ಲಿ ಎರಡು ಶಾಪುಗಳಲ್ಲಿ ಕೇಳಿ, ನಗೆಪಾಟಲಾಗಿಯೇ ಇಲ್ಲಿಗೆ ಬಂದಿದ್ದರು. ಗುಜರಿಯ ರಾಶಿಯಿಂದ ಒಂದು ಮೊಳದ ಪೈಪಿನ ತುಂಡು ಎತ್ತಿಕೊಂಡು, ಕರವಸ್ತ್ರದಿಂದ ಅದರ ತುದಿ ಒರೆಸಿ, ತುಟಿಗೆ ಹಿಡಿದು ಊದಿದರು. ತುಕ್ಕು ಹಿಡಿದಿದ್ದ ಆ ತುಂಡಿನಿಂದ ದುಂಡಗಿನ, ಮೆತ್ತಗಿನ ಒಂದು ದನಿ ಹೊರಟಿತು. ಆ ಪೈಪಿನ ಮಿಕ್ಕ ಭಾಗವನ್ನು ನಾನೇ ಕತ್ತರಿಸಿ ಗೇಟಿಗೆ ಹಾಕಿದ್ದೆ. ಅದರೊಳಗೆ ಇಂಥದೊಂದು ಇತ್ತೆಂದು ನನಗೆ ಗೊತ್ತೇ ಇರಲಿಲ್ಲ.

"ಮಾಡ್ತೀವಿ ಸಾರ್," ಎಂದುಬಿಟ್ಟೆ. ಅಣ್ಣ ಕೆಮ್ಮಿದ.

ಮಾಡುತ್ತೇವೆ ಎಂದದ್ದು ಸುಲಭ, ಮಾಡಿದ್ದು ಸುಲಭವಾಗಿರಲಿಲ್ಲ. ಸಾಲಿಗೆ ಒಂಬತ್ತರಂತೆ ಎದುರುಬದುರಾಗಿ ಎರಡು ಸಾಲು. ಎದುರುಬದುರಿನ ಪೈಪುಗಳು ಜೋಡಿ. ಈ ಸಾಲಿನ ಮೊದಲನೆಯದೂ ಆ ಸಾಲಿನ ಮೊದಲನೆಯದೂ ಒಂದೇ ಉದ್ದ, ಒಂದೇ ಸ್ವರ. ಪೈಪು ಉದ್ದವಾದಷ್ಟೂ ದನಿ ತಗ್ಗು, ಗಿಡ್ಡವಾದಷ್ಟೂ ದನಿ ಏರು. ಬುಡದ ಹತ್ತಿರ ಕೊಳಲಿನ ಬಾಯಿಯ ಹಾಗೆ ಒಂದು ಸೀಳು, ಅದರೊಳಕ್ಕೆ ಗಾಳಿಯನ್ನು ತಿರುಗಿಸಲು ಪಡುವಣಕ್ಕೆ ಮುಖ ಮಾಡಿದ ಒಂದು ತಗಡಿನ ತುತ್ತೂರಿ. ಆ ಸೀಳಿನ ಅಂಚು ಚೂರಿಯ ಹಾಗೆ ತೆಳ್ಳಗಿರಬೇಕು. ಮೊದಲ ಪೈಪು ನುಡಿಯಲೇ ಇಲ್ಲ. ಎರಡನೆಯದು ಸೀಟಿ ಹೊಡೆದು ಸುಮ್ಮನಾಯಿತು. ಮೂರನೆಯದನ್ನು ಪರೀಕ್ಷೆ ಮಾಡಲು ನಮ್ಮ ಶಾಪಿನ ಮುಂದೆ ಗಾಳಿಯೇ ಇರಲಿಲ್ಲ. ಬಸ್ಸುಗಳ ಹೊಗೆ ಕೂಡ ಎದ್ದ ಜಾಗದಲ್ಲೇ ನಿಂತಿರುತ್ತಿತ್ತು.

ಕೊನೆಗೆ ಅಣ್ಣನೇ ಹೇಳಿದ. "ಗಾಳಿ ಬರ್ದಿದ್ರೆ ನಾವೇ ಗಾಳಿತಾವ್ಕೆ ಹೋಗಾನ ನಡಿ."

ಲಗೇಜ್ ಆಟೋದ ಹಿಂದೆ ಪೈಪನ್ನು ಓರೆಯಾಗಿ ನಿಲ್ಲಿಸಿ ಹಗ್ಗ ಬಿಗಿದೆವು. ಅಣ್ಣ ಬೀರೂರಿನ ಕಡೆಗೆ ಓಡಿಸಿದ. ನಾನು ಹಿಂದೆ ಪೈಪನ್ನು ತಬ್ಬಿಕೊಂಡು ಕೂತೆ, ಆರ್ಕಿಟೆಕ್ಟ್ ನನ್ನ ಎದುರಿಗೆ ಡಬ್ಬದ ಮೇಲೆ ಕೂತರು. ಆಟೋ ನಿಧಾನಕ್ಕೆ ಹೋಗುವಾಗ ಏನೂ ಇಲ್ಲ. ಅಣ್ಣ ಆಕ್ಸಿಲರೇಟರ್ ತಿರುಗಿಸಿದ. ಒಮ್ಮೆಲೆ ನನ್ನ ತೋಳಿನೊಳಗಿದ್ದ ಪೈಪು ನಡುಗಿತು, ಆಮೇಲೆ ಹೂಂಕರಿಸಿತು. ನನ್ನ ಹಲ್ಲುಗಳವರೆಗೂ ಬಂತು ಆ ದನಿ. ಹಿಂದಿನಿಂದ ಬರುತ್ತಿದ್ದ ಬಸ್ಸಿನವನು ತನ್ನ ಹಾರ್ನನ್ನು ಯಾರೋ ಅಣಕಿಸುತ್ತಿದ್ದಾರೆಂದು ಭಾವಿಸಿ ಜೋರಾಗಿ ಹಾರ್ನ್ ಮಾಡಿದ. ಆರ್ಕಿಟೆಕ್ಟ್ ಎದ್ದು ನಿಲ್ಲಲು ಹೋಗಿ, ತಲೆಗೆ ಕಂಬಿ ಬಡಿಸಿಕೊಂಡು ಮತ್ತೆ ಕೂತು, ಮಕ್ಕಳ ಹಾಗೆ ನಕ್ಕರು.

ಆವತ್ತೇ ಅವರು ನನಗೊಂದು ಮಾತು ಹೇಳಿದ್ದರು. "ಜೋಡಿ ಪೈಪುಗಳ ಉದ್ದ ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಆಗಬಾರದು. ಎರಡೂ ಸ್ವರ ಒಂದೇ ಆದರೆ ಸೇರಿಕೊಂಡು ನಿಲ್ಲುತ್ತವೆ. ಸ್ವಲ್ಪ ಆಚೀಚೆ ಆದರೆ ಒಂದನ್ನೊಂದು ತಳ್ಳಾಡಿಕೊಂಡು ಏಳ್ತಾ ಬೀಳ್ತಾ ಇರುತ್ತವೆ. ಕೇಳೋಕೆ ಹಿಂಸೆ."

ತಲೆಯಾಡಿಸಿದೆ. ನಿಜಕ್ಕೂ ಪ್ರತಿ ಪೈಪನ್ನೂ ಮೂರು ಸಲ ಅಳೆದೆ. ಹದಿನೇಳನ್ನು ಸರಿಯಾಗಿಯೇ ಮಾಡಿದೆ.

ಉದ್ಘಾಟನೆಯ ಹಿಂದಿನ ದಿನ ಉಳಿದದ್ದು ಒಂದೇ ಪೈಪು, ಪೂರ್ವದ ಸಾಲಿನ ಏಳನೆಯದು. ಕಟಿಂಗ್ ಚಕ್ರ ಸವೆದಿತ್ತು. ಬದಲಾಯಿಸಲು ಹೊತ್ತಿಲ್ಲವೆಂದು ಹಾಗೆಯೇ ಕತ್ತರಿಸಿದೆ. ತುದಿ ಸೊಟ್ಟಗೆ ಬಂತು. ನೇರ ಮಾಡಲು ಉಜ್ಜಿದೆ, ಇನ್ನೊಂದು ಬದಿ ತಗ್ಗಾಯಿತು, ಆ ಬದಿ ಉಜ್ಜಿದೆ. ತುದಿ ನೇರವಾಗುವ ಹೊತ್ತಿಗೆ ಪೈಪು ಒಂದು ಬೆರಳಿನಷ್ಟು ಗಿಡ್ಡವಾಗಿತ್ತು. ಆ ದಪ್ಪದ ಪೈಪು ನಮ್ಮಲ್ಲಿ ಉಳಿದಿರಲಿಲ್ಲ. ಶಿವಮೊಗ್ಗದಿಂದ ತರಿಸಲು ಒಂದು ದಿನ ಬೇಕು. ಹೊರಗೆ ಲಗೇಜ್ ಆಟೋ ನಿಂತಿತ್ತು, ಅಣ್ಣ ಕೂಗುತ್ತಿದ್ದ. "ಆಯ್ತೇನೇ? ಅವ್ರು ಆಗ್ಲೇ ಎರಡು ಸಲ ಫೋನ್ ಮಾಡವ್ರೆ."

"ಆಯ್ತು," ಎಂದೆ.

ಒಂದು ಬೆರಳು. ಮನುಷ್ಯನಿಗಿಂತ ಎತ್ತರದ ಪೈಪಿನಲ್ಲಿ ಒಂದು ಬೆರಳು ಯಾರಿಗೆ ಕಾಣುತ್ತದೆ? ಬೆಸುಗೆ ಹಾಕುವಾಗಲೂ ಅದನ್ನೇ ಹೇಳಿಕೊಂಡೆ, ಬಣ್ಣ ಬಳಿಯುವಾಗಲೂ ಅದನ್ನೇ ಹೇಳಿಕೊಂಡೆ.

ಉದ್ಘಾಟನೆಯ ದಿನ ಗಾಳಿ ಬರಲಿಲ್ಲ. ಒಂದು ಎಲೆ ಅಲುಗಲಿಲ್ಲ. ಶಾಮಿಯಾನದ ಕೆಳಗೆ ಜನ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದರು. ಭಾಷಣಗಳಾದವು, ರಿಬ್ಬನ್ ಕತ್ತರಿಸಿದ್ದಾಯಿತು, ಎಲ್ಲರೂ ಎದ್ದು ಪೈಪುಗಳ ಕಡೆಗೆ ಕಿವಿ ಕೊಟ್ಟು ನಿಂತರು. ಪೈಪುಗಳು ಕಂಬಗಳ ಹಾಗೆ ಸುಮ್ಮನಿದ್ದವು. ಯಾರೋ ಹಿಂದಿನಿಂದ, "ಉಪ್ಪಿಟ್ಟಾದ್ರೂ ಬತ್ತದೇನ್ರಪ್ಪಾ?" ಎಂದರು. ದೊಡ್ಡ ನಗೆಯೆದ್ದಿತು. ಆರ್ಕಿಟೆಕ್ಟರೂ ನಗಲು ನೋಡಿದರು. ಅವರ ಮುಖ ನೋಡಲಾರದೆ ನಾನು ನೀರಿನ ಕಡೆಗೆ ತಿರುಗಿದೆ. ಆದರೂ ಒಳಗೆಲ್ಲೋ ಹಾಯೆನಿಸಿತು. ಪೈಪು ನುಡಿಯದಿದ್ದರೆ ನನ್ನ ತಪ್ಪೂ ನುಡಿಯುವುದಿಲ್ಲ. ಅವರಿಗಾದ ಅವಮಾನದಲ್ಲಿ ನಾನು ಅಡಗಿಕೊಂಡಿದ್ದೆ. ಹೀಗೆ ಯೋಚಿಸಿದೆನೆಂದು ಗೊತ್ತಾದ ಗಳಿಗೆಯಿಂದ ನನಗೆ ನೆಮ್ಮದಿಯಿಲ್ಲ.

ಆಷಾಢ ಬಂತು. ಅಜ್ಜಂಪುರದ ಬಯಲಿನಲ್ಲಿ ಆಷಾಢದ ಗಾಳಿ ಹೇಗಿರುತ್ತದೆಂದು ನೋಡಿದವರಿಗೆ ಗೊತ್ತು. ಒಣಹಾಕಿದ ಬಟ್ಟೆ ಪಕ್ಕದ ಹೊಲಕ್ಕೆ ಹೋಗಿರುತ್ತದೆ. ಮಂಟಪ ನುಡಿಯತೊಡಗಿತು. ಮೊದಲ ವಾರ ಜನ ಸಂಸಾರ ಸಮೇತ ಹೋಗಿ ಕೂತು ಬಂದರು. ಫೋನಿನಲ್ಲಿ ಹಿಡಿದ ವಿಡಿಯೋ ನಮ್ಮ ಶಾಪಿನವರೆಗೂ ಬಂತು. ಅಣ್ಣ ಬಂದ ಗಿರಾಕಿಗಳಿಗೆಲ್ಲ, "ನಮ್ಮುಡುಗಿ ಮಾಡಿದ್ದು ಕಣ್ರೀ," ಎಂದು ತೋರಿಸುತ್ತಿದ್ದ. ನಾನು ಗ್ರೈಂಡರ್ ಚಾಲೂ ಮಾಡಿ ಆ ದನಿ ಕೇಳದಂತೆ ಮಾಡುತ್ತಿದ್ದೆ. ಆ ಚಿಕ್ಕ ಫೋನಿನಲ್ಲೂ ನನಗೆ ಅದು ಕೇಳಿಸಿತ್ತು. ಉಳಿದ ಸ್ವರಗಳ ನಡುವೆ ಒಂದು ಮಾತ್ರ ಉಸಿರು ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಬಿಕ್ಕುತ್ತಿತ್ತು.

ಮೂರನೇ ವಾರದ ಹೊತ್ತಿಗೆ ಆರ್ಕಿಟೆಕ್ಟರ ಫೋನ್ ಬಂತು. "ಏರಿ ಕೆಳಗಿನ ಬೀದಿಯವರು ಅರ್ಜಿ ಕೊಟ್ಟಿದ್ದಾರಂತೆ. ಯಾರೋ ಅತ್ತ ಹಾಗೆ ಕೇಳುತ್ತಂತೆ, ಪೈಪುಗಳಿಗೆಲ್ಲ ಕಾಂಕ್ರೀಟ್ ತುಂಬಿಸಿ ಅಂತಿದ್ದಾರೆ. ನನ್ನ ಲೆಕ್ಕಾಚಾರ ಎಲ್ಲೋ ತಪ್ಪಿರಬೇಕು. ನೀವು ಒಮ್ಮೆ ಹೋಗಿ ನೋಡ್ತೀರಾ?"

ನನ್ನ ಲೆಕ್ಕಾಚಾರ ತಪ್ಪಿರಬೇಕು ಎಂದರು. ಹೇಳುವುದಾದರೆ ಆಗಲೇ ಹೇಳಬೇಕಿತ್ತು. "ನೋಡ್ತೀನಿ ಸಾರ್," ಎಂದಷ್ಟೇ ಹೇಳಿ ಫೋನ್ ಇಟ್ಟೆ. ನಾಲ್ಕು ದಿನ ಹೋಗಲಿಲ್ಲ. ಆ ನಾಲ್ಕು ದಿನದಲ್ಲಿ ಒಂದು ಗೇಟಿನ ಕೀಲು ತಲೆಕೆಳಗಾಗಿ ಕೂರಿಸಿದೆ, ಕಾದ ಕಬ್ಬಿಣವನ್ನು ಬರಿಗೈಯಲ್ಲಿ ಹಿಡಿದು ಅಂಗೈ ಸುಟ್ಟುಕೊಂಡೆ. ಅಣ್ಣ, "ಏನಾಗದೆ ನಿಂಗೆ?" ಎಂದು ಎರಡು ಸಲ ಕೇಳಿದ. ಐದನೇ ದಿನ ಕೈಗೆ ಬಟ್ಟೆ ಸುತ್ತಿಕೊಂಡೇ ಅಜ್ಜಂಪುರದ ಬಸ್ ಹತ್ತಿದೆ.

ಮಧ್ಯಾಹ್ನ ಮೂರರ ಹೊತ್ತು. ಏರಿಯ ಮೇಲೆ ಗಾಳಿಗೆ ಎದುರಾಗಿ ಬಗ್ಗಿಕೊಂಡೇ ನಡೆಯಬೇಕಿತ್ತು. ಮಂಟಪದಲ್ಲಿ ಒಬ್ಬರೇ ಒಬ್ಬರು ಹಿರಿಯರು, ಹೆಗಲ ಟವೆಲನ್ನು ಏಳನೇ ಪೈಪಿನ ಬಾಯಿಗೆ ತುರುಕುತ್ತಿದ್ದರು. ಪಕ್ಕದಲ್ಲಿ ಒಂದು ಸಣ್ಣ ಸುತ್ತಿಗೆ. ಟವೆಲ್ ಒಳಗೆ ಹೋದೊಡನೆ ಬಿಕ್ಕು ನಿಂತಿತು. ಉಳಿದ ಪೈಪುಗಳು ನಿರಾಳವಾಗಿ ನುಡಿಯುತ್ತಿದ್ದವು.

ನನ್ನನ್ನು ಕಂಡು ಅವರು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. "ನೋಡವ್ವಾ ಇಲ್ಲಿ. ಇದುಕ್ಕೆ ತುರುಕುದ್ರೂ ನಿಲ್ತದೆ. ಇದ ತಗ್ದು ಎದುರುಗಡೇದುಕ್ಕೆ ತುರುಕುದ್ರೂ ನಿಲ್ತದೆ. ಎಲ್ಡೂ ಒಟ್ಗೆ ಊದುದ್ರೆ ಮಾತ್ರ ಅಳ್ತವೆ. ಬಟ್ಟೆ ಇಟ್ಟೋದ್ರೆ ಗಾಳಿ ಕಿತ್ತಾಕ್ತದೆ, ದಿನಾ ಬಂದು ತುರುಕ್ತೀನಿ."

ಅವರು ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವರು. ಮೂವತ್ತು ವರ್ಷಕ್ಕೂ ಮೇಲೆ ದಿನಾ ಬೆಳಿಗ್ಗೆ ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು ಹಳಿಯ ಮೇಲೆ ನಡೆದು, ಕೀಲುಗಳನ್ನು ಬಡಿದು ಬಡಿದು, ದನಿ ಕೇಳಿಯೇ ಯಾವುದು ಸಡಿಲ, ಯಾವುದು ಬಿಗಿ ಎಂದು ತಿಳಿದವರು. ಸುತ್ತಿಗೆ ತೆಗೆದುಕೊಂಡು ಈ ಏಳನೆಯದಕ್ಕೆ ಒಂದೇಟು, ಎದುರಿನ ಏಳನೆಯದಕ್ಕೆ ಒಂದೇಟು ಕೊಟ್ಟರು. "ಕೇಳುಸ್ತಾ? ಅವಳಿಜವಳಿ ಆಗ್ಬೇಕಿತ್ತು ಇವು. ಒಂದು ಉದ್ದ, ಒಂದು ಗಿಡ್ಡ. ಯಾವನು ಮಾಡಿದ್ನೋ."

"ನಾನೇ ಯಜಮಾನ್ರೇ," ಎಂದೆ. "ಇದು ಒಂದು ಬೆರಳು ಕಡಿಮೆ ಐತೆ. ಹಾಕ್ವಾಗ್ಲೇ ನಂಗೆ ಗೊತ್ತಿತ್ತು."

ಅವರು ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡಿದರು. ಬೈಯುತ್ತಾರೆಂದುಕೊಂಡೆ.

"ಗೊತ್ತಿದ್ದೂ ಸುಮ್ನಿದ್ಯಾ?"

"ಸುಮ್ನಿದ್ದೆ."

"ಬಾ ನನ್ಜತೆ," ಎಂದು ಏರಿ ಇಳಿಯತೊಡಗಿದರು. ಟವೆಲನ್ನು ಕಿತ್ತು ಹೆಗಲಿಗೆ ಹಾಕಿಕೊಂಡೇ ಇಳಿದರು. ಹಿಂದೆ ಮತ್ತೆ ಬಿಕ್ಕು ಶುರುವಾಯಿತು.

ಏರಿಯ ಕೆಳಗೆ ಎರಡನೆಯದೇ ಅವರ ಮನೆ. ಮಗಳು ಟೈಲರಿಂಗ್ ಅಂಗಡಿಗೆ ಹೋಗಿದ್ದಳು. ಒಳಗೆ ಮಂಚದ ಮೇಲೆ ಅವರ ಹೆಂಡತಿ, ಗೋಡೆಗೆ ಆತುಕೊಂಡು ಕೂತಿದ್ದರು. ಹಣೆ ತುಂಬ ಕುಂಕುಮ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಬಿಳಿ ಜಡೆ. ನೋಡಲು ಆರೋಗ್ಯವಾಗಿಯೇ ಇದ್ದರು. ನೆನಪು ಮಾತ್ರ ಒಂದೆರಡು ವರ್ಷದಿಂದ ಹೋಗುತ್ತಾ ಬಂದಿದೆಯೆಂದು ಯಜಮಾನರು ದಾರಿಯಲ್ಲೇ ಹೇಳಿದ್ದರು. ಗಾಳಿ ಏರಿತು. ಹಂಚಿನ ಸಂದಿಯಿಂದ ಮೆಲ್ಲಗೆ, ಬಿಕ್ಕಿ ಬಿಕ್ಕಿ, ಆ ದನಿ ಇಳಿಯಿತು.

ಆಕೆ ನನ್ನ ಕೈ ಹಿಡಿದುಕೊಂಡರು. ಸುಟ್ಟ ಕೈಯೇ ಸಿಕ್ಕಿತು. "ಕೇಳುಸ್ತಿಲ್ವೇನೇ? ಮಗ ಅಳ್ತಾ ಅದೆ. ಆವಾಗಿಂದ ಅಳ್ತಾ ಅದೆ, ಯಾರೂ ಎತ್ಕೊಳ್ತಿಲ್ಲ. ಹೋಗಿ ಎತ್ಕೊಳೇ ನೀನಾದ್ರೂ."

"ಹೂಂ ಅಮ್ಮಾ," ಎಂದೆ. ಆಕೆ ಮಂಚದಿಂದ ಇಳಿಯಲು ನೋಡಿದರು, ಯಜಮಾನರು ತೋಳು ಹಿಡಿದು ಕೂರಿಸಿದರು. ಮತ್ತೆ ಇಳಿಯಲು ನೋಡಿದರು, ಮತ್ತೆ ಕೂರಿಸಿದರು. ಗಾಳಿ ಇರುವಷ್ಟು ಹೊತ್ತೂ ಇದೇ.

"ನಮ್ಮ ಮಕ್ಳು ಮೂರೂ ಚೆನ್ನಾಗವೆ," ಎಂದರು ಯಜಮಾನರು. "ಯಾವ ಮಗಿನೋ, ಎಲ್ಲಿಂದೋ. ಹಗ್ಲೆಲ್ಲ ಇವ್ಳನ್ನ ಹಿಡ್ಕೊಂಡು ಕೂರ್ಬೇಕು. ಅದಕ್ಕೇ ಅರ್ಜಿಗೆ ಮೊದ್ಲು ಸೈನ್ ಹಾಕ್ದೋನು ನಾನೇ ಕಣವ್ವಾ. ಮಿಕ್ಕ ಪೈಪ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ."

ಹೊರಗೆ ಬಂದು ಏರಿಯ ಬುಡದಲ್ಲಿ ನಿಂತೇ ಆರ್ಕಿಟೆಕ್ಟರಿಗೆ ಫೋನ್ ಮಾಡಿದೆ. ಸವೆದ ಚಕ್ರ, ಸೊಟ್ಟ ತುದಿ, ಬಣ್ಣ, ಉದ್ಘಾಟನೆಯ ದಿನ ನನಗೆ ಹಾಯೆನಿಸಿದ್ದು, ಎಲ್ಲವನ್ನೂ ಹೇಳಿದೆ. ಗಾಳಿಗೆ ಅರ್ಧ ಮಾತು ಕೇಳಿಸಿತೋ ಇಲ್ಲವೋ.

"ಆವತ್ತು ಹೇಳಿದ್ದರೆ ಉದ್ಘಾಟನೆಯನ್ನೇ ಒಂದು ದಿನ ಮುಂದಕ್ಕೆ ಹಾಕಿಸುತ್ತಿದ್ದೆ," ಎಂದರು ಅವರು. "ಅರ್ಜಿ ಬಂದಾಗಿಂದ ನಾನು ನಕ್ಷೆ ಹರಡಿಕೊಂಡು ಕೂತಿದ್ದೀನಿ. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ."

"ತಪ್ಪಾಯ್ತು ಸಾರ್."

"ಈಗ ಏನು ಮಾಡ್ತೀರಿ?"

"ಗಿಡ್ಡ ಆಗಿರೋದನ್ನ ಉದ್ದ ಮಾಡೋಕೆ ಆಗಲ್ಲ. ತುಂಡು ಸೇರಿಸಿದ್ರೆ ಬೆಸುಗೆ ಒಳಗಡೆ ಉಬ್ಬುತ್ತೆ, ದನಿ ಒಡೆಯುತ್ತೆ. ಹೊಸದು ಹಾಕೋಣ ಅಂದ್ರೆ ಇದನ್ನ ಬುಡದಿಂದ ಕೀಳಬೇಕು, ಮಂಟಪಕ್ಕೇ ಪೆಟ್ಟಾಗುತ್ತೆ. ಎದುರಿಗಿರೋದನ್ನ ಅಷ್ಟೇ ಗಿಡ್ಡ ಮಾಡ್ತೀನಿ."

"ಅಂದರೆ ಸರಿಯಾಗಿರೋದನ್ನ."

"ಹೌದು ಸಾರ್."

"ಮಾಡಿ," ಎಂದು ಫೋನ್ ಇಟ್ಟರು.

ಸಂಜೆ ಮನೆಗೆ ಬಂದು ಅಣ್ಣನಿಗೂ ಹೇಳಿದೆ. ಅವನು ಚಹಾದ ಲೋಟ ಹಿಡಿದವನು ಹಾಗೆಯೇ ಕೂತ. "ಊರೆಲ್ಲ ತೋರುಸ್ಕೊಂಡು ಬಂದ್ನಲ್ಲೇ ನಾನು," ಎಂದ. ಅಷ್ಟೇ. ಮಾರನೇ ಬೆಳಿಗ್ಗೆ ನಾನು ಏಳುವ ಮೊದಲೇ ಜನರೇಟರು, ಏಣಿ, ಗ್ರೈಂಡರ್ ಎಲ್ಲವನ್ನೂ ಲಗೇಜ್ ಆಟೋಗೆ ಹಾಕಿಟ್ಟಿದ್ದ. ಕಟಿಂಗ್ ಚಕ್ರ ಮಾತ್ರ ಹೊಸದು, ಪ್ಯಾಕೆಟ್ ಒಡೆದಿರಲಿಲ್ಲ.

ಏರಿಯ ಮೇಲೆ ಯಜಮಾನರು ನಮಗಾಗಿ ಕಾಯುತ್ತಿದ್ದರು. ಅಣ್ಣ ಏಣಿ ಹಿಡಿದ, ನಾನು ಹತ್ತಿದೆ. ಗಾಳಿಗೆ ಏಣಿಯೂ ನಾನೂ ಪೈಪೂ ಒಟ್ಟಿಗೆ ಅಲುಗಾಡುತ್ತಿದ್ದೆವು. ಒಂದೇ ಸಲಕ್ಕೆ ಬೆರಳಿನಷ್ಟು ಕತ್ತರಿಸುವ ಧೈರ್ಯ ಬರಲಿಲ್ಲ. ಅರ್ಧ ಕತ್ತರಿಸಿ ಯಜಮಾನರ ಕಡೆ ನೋಡಿದೆ. ಅವರು ಎರಡಕ್ಕೂ ಸುತ್ತಿಗೆ ತಾಗಿಸಿ, ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿದರು. "ಇನ್ನೂ ಐತೆ." ಸ್ವಲ್ಪ ಉಜ್ಜಿದೆ. "ಇನ್ನೊಂಚೂರು." ಮತ್ತೆ ಉಜ್ಜಿದೆ. ಬಿಕ್ಕು ನಿಧಾನವಾಗುತ್ತಾ ಬಂತು. ಎರಡು ಉಸಿರಿಗೊಂದು, ನಾಲ್ಕು ಉಸಿರಿಗೊಂದು. ಆಮೇಲೆ ಒಂದು ಉದ್ದನೆಯ ಅಲೆ, ಬರುವುದೋ ಹೋಗುವುದೋ ತಿಳಿಯದಂತೆ. ಅಣ್ಣ ಕೆಳಗಿನಿಂದ, "ಇಳುದ್ಬಿಡು, ಒಂಚೂರು ಕೂತ್ಕೊಂಡು ಹತ್ತು," ಎಂದ. ಇಳಿಯಲಿಲ್ಲ. ಕೊನೆಯ ಸಲ ಗ್ರೈಂಡರ್ ಬಿಟ್ಟು, ಉಜ್ಜುವ ಅರವನ್ನು ಕೈಯಲ್ಲೇ ಆಡಿಸಿದೆ.

"ಸಾಕು!" ಎಂದು ಯಜಮಾನರು ಕೂಗಿದರು.

ಎರಡೂ ಏಳನೇ ಪೈಪುಗಳು ಒಂದೇ ಗಂಟಲಿನಿಂದ ನುಡಿಯುತ್ತಿದ್ದವು. ಹದಿನೆಂಟೂ ಹೊಂದಿಕೊಂಡು ನುಡಿದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಏಣಿಯ ಮೇಲೇ ಅತ್ತೆ. ಕೆಳಗಿದ್ದವರಿಗೆ ಕಣ್ಣಿಗೆ ಕಬ್ಬಿಣದ ಪುಡಿ ಬಿತ್ತೆಂದು ಹೇಳಿದೆ.

ಅರ್ಜಿ ಅಲ್ಲಿಗೇ ನಿಂತಿತು. ಯಜಮಾನರೇ ಮನೆಮನೆಗೆ ಹೋಗಿ, "ರಿಪೇರಿ ಆಗೈತೆ, ಕಾಂಕ್ರೀಟ್ ಬ್ಯಾಡ," ಎಂದು ಒಪ್ಪಿಸಿ ಬಂದರಂತೆ. ಎಲ್ಲ ಸರಿಹೋಯಿತೆಂದುಕೊಂಡು ನಾನು ಒಂದು ವಾರ ಕೆಲಸ ಮಾಡಿದೆ. ಆಮೇಲೆ ಅವರ ಫೋನ್ ಬಂತು.

"ಅವ್ವಾ, ನಿನ್ನ ತಪ್ಪೇನಿಲ್ಲ, ಸುಮ್ನೆ ಹೇಳ್ತೀನಿ," ಎಂದು ಶುರು ಮಾಡಿದರು. "ಈಗ ಇವ್ಳು, ಮಗ ಯಾಕೆ ಅಳ್ತಾ ಇಲ್ಲ ಅಂತ ಕೇಳ್ತಾಳೆ. ಎಲ್ಲಿ ಹೋಯ್ತು, ಯಾರು ಎತ್ಕೊಂಡೋದ್ರು ಅಂತ ಬಾಗ್ಲು ಬಾಗ್ಲು ನೋಡ್ತಾಳೆ. ನೆನ್ನೆ ಬೀದಿಗೂ ಹೋಗಿದ್ಲು."

ಆವತ್ತು ಶಾಪಿನಲ್ಲಿ ನಿಲ್ಲಲೂ ಆಗಲಿಲ್ಲ, ಮನೆಯಲ್ಲಿ ಕೂರಲೂ ಆಗಲಿಲ್ಲ. ಆಕೆಯನ್ನೇ ಪೈಪಿನ ಹತ್ತಿರ ಕರೆದೊಯ್ಯೋಣವೆನಿಸಿತು; ಆ ಗಾಳಿಯಲ್ಲಿ ಏರಿ ಹತ್ತಲು ಆಕೆಗೆ ಆಗದೆಂದು ಭಾನುವಾರ ಒಂದು ಗಾಲಿಕುರ್ಚಿ ತೆಗೆದುಕೊಂಡು ಹೋದೆ. ಅದು ನಮ್ಮ ಶಾಪಿನಲ್ಲಿ ಚಕ್ರ ರಿಪೇರಿಗೆಂದು ಬಂದು, ಯಾರೂ ತೆಗೆದುಕೊಂಡು ಹೋಗದೆ ಉಳಿದಿತ್ತು. ಯಜಮಾನರೂ ಅವರ ಮಗಳೂ ನಾನೂ ಸೇರಿ ಆಕೆಯನ್ನು ಏರಿಯ ಮೇಲಕ್ಕೆ ತಳ್ಳಿದೆವು. ಗಾಳಿಗೆ ಸೆರಗು ಹಾರಿ ಆಕೆಯ ಮುಖವೆಲ್ಲ ಮುಚ್ಚುತ್ತಿತ್ತು, ಮಗಳು ಮತ್ತೆ ಮತ್ತೆ ಸರಿಸುತ್ತಿದ್ದಳು.

ಏಳನೇ ಪೈಪಿನ ಹತ್ತಿರ ಕುರ್ಚಿ ನಿಲ್ಲಿಸಿ, ಆಕೆಯ ಕೈಯನ್ನು ಅದರ ಮೇಲಿಟ್ಟೆ. ನುಡಿಯುವಾಗ ಪೈಪು ಒಳಗಿಂದೊಳಗೇ ನಡುಗುತ್ತದೆ, ಕೈಗೆ ಗೊತ್ತಾಗುತ್ತದೆ. ಆಕೆ ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳುಗಳಿಂದ ಮೆಲ್ಲಗೆ ತಟ್ಟತೊಡಗಿದರು, ಮಲಗಿಸುವಾಗ ತಟ್ಟುತ್ತಾರಲ್ಲ, ಹಾಗೆ. ಯಜಮಾನರು ಮುಖ ಆಚೆ ತಿರುಗಿಸಿದರು.

ಮುಂದಿನ ಭಾನುವಾರವೂ ಹೋದೆ. ಮತ್ತೆ ಅದೇ ಆಗುತ್ತದೆಂದುಕೊಂಡಿದ್ದೆ. ಆಕೆ ಪೈಪನ್ನು ಮುಟ್ಟಿ ಥಟ್ಟನೆ ಕೈ ತೆಗೆದು, "ತಣ್ಣಗೈತೆ. ಯಾರ್ದಿದು?" ಎಂದು ಕೇಳಿದರು. ನನ್ನ ಗುರುತೂ ಹತ್ತಲಿಲ್ಲ. ಮಗುವಿನ ಮಾತೇ ಇಲ್ಲ. ಗಾಳಿ ಕಿವಿಗೆ ಹೊಡೀತದೆ, ಮನೆಗೆ ಹೋಗೋಣ ಎಂದರು. ಯಜಮಾನರು ತಮ್ಮ ಟವೆಲನ್ನು ಆಕೆಯ ತಲೆಗೆ ಸುತ್ತಿ, "ಒಂದೊಂದಿನ ಹಿಂಗೆ, ಒಂದೊಂದಿನ ಹಂಗೆ ಕಣವ್ವಾ," ಎಂದು ನನಗೇ ಸಮಾಧಾನ ಹೇಳಿದರು.

ಏರಿಯ ಇಳಿಜಾರಿನಲ್ಲಿ ಕುರ್ಚಿ ಜಾರದಂತೆ ನಾನು ಮುಂದಿನಿಂದ ಹಿಡಿದು, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಇಳಿದೆ. ಆಕೆ ನನ್ನನ್ನೇ ನೋಡುತ್ತಿದ್ದರು. "ನಿಧಾನ ಕಣೇ, ಬಿದ್ದೀಯ," ಎಂದರು.